ಓದುಗರ ಪ್ರಶ್ನೆ: ವ್ಯಾಯಾಮದ ಆ್ಯಪ್ ಮಾಡುತ್ತಿದ್ದೇವೆ, ತಜ್ಞರನ್ನು ಏನಂತ ಕೇಳಬೇಕು?

(ಈ ಸಂಚಿಕೆಯ ಪ್ರಶ್ನೆಗಳಿಗೆ ಉತ್ತರಿಸಿದವರು ಮೈಸೂರಿನ ಹಿರಿಯ ಫಿಸಿಯೋಥೆರಪಿಸ್ಟ್.)

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ, ಈಗ ದಾವಣಗೆರೆಗೆ ವಾಪಸ್ ಬಂದಿದ್ದೇನೆ. ಜಿಮ್ ಟ್ರೈನರ್ ಆಗಿರುವ ಗೆಳೆಯನ ಜೊತೆ ಸೇರಿ ಕನ್ನಡದಲ್ಲಿ ಫಿಟ್‌ನೆಸ್ ಆ್ಯಪ್ ಮಾಡುತ್ತಿದ್ದೇವೆ. 40 ದಾಟಿದ ಗೃಹಿಣಿಯರಿಗೆ ಮನೆಯಲ್ಲೇ ದಿನಕ್ಕೆ 20 ನಿಮಿಷದ ವ್ಯಾಯಾಮ, ಊಟದ ಪಟ್ಟಿ, ಶುಗರ್ ಇದ್ದವರಿಗೆ ಬೇರೆ ಪ್ಲಾನ್. ಬೀದಿಯವರು, ನೆಂಟರು ಕೆಲವರು ಈಗಾಗಲೇ ಬಳಸಿ ನೋಡುತ್ತಿದ್ದಾರೆ. ತಜ್ಞರ ಅಭಿಪ್ರಾಯ ಬೇಕೆಂದು ಹತ್ತಾರು ಡಾಕ್ಟರುಗಳಿಗೆ ಮೆಸೇಜ್ ಮಾಡಿದೆ. ಹೆಚ್ಚಿನವರು ಉತ್ತರಿಸಲಿಲ್ಲ. ಒಬ್ಬರು ನೋಡಿ "ಚೆನ್ನಾಗಿದೆ, ಮುಂದುವರಿಸಿ" ಅಂದರು. ಇನ್ನೊಬ್ಬರು ಅವರ ಹೆಸರು, ಫೋಟೋ ಹಾಕಿಕೊಳ್ಳಲು ಕಂಪನಿಯಲ್ಲಿ ಶೇ 5 ಪಾಲು ಕೇಳಿದರು. ಗೆಳೆಯನಂತೂ "ನನಗೇ ಅಷ್ಟು ಅನುಭವ ಇದೆ, ಯಾರನ್ನೂ ಕೇಳಬೇಕಿಲ್ಲ" ಅನ್ನುತ್ತಾನೆ. ಈ ಮಧ್ಯೆ ನಮ್ಮ ಚಿಕ್ಕಮ್ಮನಿಗೆ ಎರಡನೇ ವಾರ ಮಂಡಿ ನೋವು ಶುರುವಾಗಿ ಬಿಟ್ಟುಬಿಟ್ಟರು. ಯಾರನ್ನು ಕೇಳಲಿ, ಏನಂತ ಕೇಳಲಿ? ಐಡಿಯಾ ಕದ್ದುಬಿಟ್ಟರೆ ಎಂಬ ಭಯವೂ ಇದೆ. ಗೌಪ್ಯತೆಯ ಕರಾರಿಗೆ ಸಹಿ ಹಾಕಿಸಿಕೊಳ್ಳಬೇಕೆ?
(ಹೆಸರು ಬೇಡ, ದಾವಣಗೆರೆ)

ಉತ್ತರ: ಮೊದಲು ಚಿಕ್ಕಮ್ಮನ ಹತ್ತಿರ ಹೋಗಿ ಕೂತುಕೊಳ್ಳಿ. ಅವರಾಗಿ ಏನೂ ಹೇಳುವುದಿಲ್ಲ. ಮನೆಯ ಹುಡುಗ ಏನೋ ಮಾಡುತ್ತಿದ್ದಾನೆ, ಅವನ ಮನಸ್ಸು ಯಾಕೆ ನೋಯಿಸಬೇಕು ಅಂತ ಸುಮ್ಮನೆ ಬಿಟ್ಟಿರುತ್ತಾರೆ. ನೀವೇ ಕೇಳಬೇಕು. ಯಾವ ವ್ಯಾಯಾಮದಲ್ಲಿ ನೋವು ಬಂತು? ಮಾಡುವಾಗಲೇ ಬಂತೋ, ಮಾರನೆಯ ಬೆಳಗ್ಗೆಯೋ? ಮೆಟ್ಟಿಲು ಇಳಿಯುವಾಗ ಹೆಚ್ಚೋ, ನೆಲದಿಂದ ಏಳುವಾಗಲೋ? ಊತ ಇತ್ತೇ? ಮೊದಲಿನಿಂದಲೂ ಇದ್ದ ನೋವೇ? ಅವರ ಮಾತಿನಲ್ಲೇ ಬರೆದುಕೊಳ್ಳಿ. ಮಂಡಿ ಊದಿದ್ದರೆ ಅಥವಾ ನೋವು ಇನ್ನೂ ಇಳಿದಿಲ್ಲದಿದ್ದರೆ ಡಾಕ್ಟರ ಬಳಿ ಕರೆದುಕೊಂಡು ಹೋಗಿ, ಖರ್ಚು ನೀವೇ ಕೊಡಿ. ನಿಮ್ಮ ಆ್ಯಪ್ ಬಳಸುವಾಗ ಬಂದ ನೋವು ಅದು.

ಆ ಒಂದು ಹಾಳೆ ಕೈಯಲ್ಲಿದ್ದರೆ ತಜ್ಞರ ಬಳಿ ಹೋಗಲು ನಿಮಗೆ ಕಾರಣ ಸಿಕ್ಕಿತು. ಇನ್ನು ಯಾರ ಬಳಿ? ಪೆಟ್ಟಾದವರನ್ನು ದಿನವೂ ನೋಡುವವರ ಬಳಿ ಮೊದಲು ಹೋಗಿ, ಇದು ನನ್ನ ಗಟ್ಟಿಯಾದ ಅಭಿಪ್ರಾಯ. ಹೊಸದಾಗಿ ಫಿಟ್‌ನೆಸ್ ಕಂಪನಿ ಶುರುಮಾಡುವವರು ಹೆಸರಾಂತ ಹೃದ್ರೋಗ ತಜ್ಞರನ್ನೋ, ಆಟಗಾರರ ಕೋಚ್‌ಗಳನ್ನೋ, ಲಕ್ಷಗಟ್ಟಲೆ ಫಾಲೋವರ್‌ಗಳಿರುವ ಡಯಟಿಷಿಯನ್‌ಗಳನ್ನೋ ಹುಡುಕುತ್ತಾರೆ. ಕೋಚ್‌ಗಳು ನೋಡುವುದು ಗಟ್ಟಿ ಮೈಯ ಇಪ್ಪತ್ತರ ಹುಡುಗರನ್ನು. ನಿಮ್ಮ ಆ್ಯಪ್ ಬಳಸುವವರು ಕುಕ್ಕರಗಾಲಲ್ಲಿ ಕೂತು ಸೊಪ್ಪು ಬಿಡಿಸುವ, ಇಪ್ಪತ್ತು ವರ್ಷದಿಂದ ಯಾರಿಂದಲೂ ಕಲಿತು ಒಂದೇ ಒಂದು ವ್ಯಾಯಾಮವನ್ನೂ ಮಾಡಿರದ ಹೆಂಗಸರು. ಅವರ ಮಂಡಿಯನ್ನು ಬಲ್ಲವರು ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯಲ್ಲಿ ಸಿಗುತ್ತಾರೆ. ಅವರ ಶುಗರ್ ಬಲ್ಲವರು ಮಧುಮೇಹ ಕ್ಲಿನಿಕ್ಕಿನಲ್ಲಿ ಇನ್ಸುಲಿನ್ ಚುಚ್ಚುವುದನ್ನು ಕಲಿಸಿಕೊಡುವ ಸಿಸ್ಟರ್. ದಾವಣಗೆರೆಯಲ್ಲೇ ವೈದ್ಯಕೀಯ ಕಾಲೇಜುಗಳಿವೆ, ಬೆಂಗಳೂರಿನ ಕಡೆ ನೋಡುವ ಅಗತ್ಯವೇ ಇಲ್ಲ. ಕುಸ್ತಿಯ ಊರು ನಿಮ್ಮದು, ಗರಡಿಯ ಹಿರಿಯ ಉಸ್ತಾದರನ್ನೂ ಒಮ್ಮೆ ಮಾತಾಡಿಸಿ. ಹೊಸ ಹುಡುಗನಿಗೆ ಬಸ್ಕಿ, ದಂಡಗಳನ್ನು ಎಷ್ಟು ನಿಧಾನವಾಗಿ ಏರಿಸಬೇಕು ಎನ್ನುವುದು ಅವರಿಗೆ ಕೈಬಂದ ವಿದ್ಯೆ. ನಿಮ್ಮ ಆ್ಯಪ್ ಎರಡನೇ ವಾರಕ್ಕೇ ಏನೋ ಏರಿಸಿದೆ ಎಂಬ ಅನುಮಾನ ನನ್ನದು.

ನಾನು ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳುತ್ತೇನೆ. ನಿಮ್ಮಂಥದ್ದೇ ಆ್ಯಪ್ ಮಾಡಿದ ಇಬ್ಬರು ಹುಡುಗರು ನನ್ನ ಕ್ಲಿನಿಕ್ಕಿಗೆ ಬಂದು ಲ್ಯಾಪ್‌ಟಾಪ್ ತೆರೆದು ಸ್ಲೈಡ್ ತೋರಿಸತೊಡಗಿದರು. ಅದನ್ನು ಮುಚ್ಚಿಸಿದೆ. ಅತ್ತೆಗೆ ಫಿಸಿಯೋಥೆರಪಿ ಮಾಡಿಸಲು ಬಂದು ಹೊರಗೆ ಕಾಯುತ್ತಿದ್ದ ಐವತ್ತರ ಆಸುಪಾಸಿನ ಹೆಂಗಸೊಬ್ಬರನ್ನು ಆ್ಯಪ್ ಬಳಸಿ ನೋಡಲು ಕೇಳಿಕೊಂಡೆ, ಅವರು ಒಪ್ಪಿದರು. ಫೋನನ್ನು ನೀರಿನ ಬಾಟಲಿಗೆ ಒರಗಿಸಿ ಇಟ್ಟೆವು. ಇಡೀ ಮೈ ಕಾಣಬೇಕು, ಹಿಂದೆ ಸರಿಯಿರಿ ಎಂದು ಆ್ಯಪ್ ಹೇಳುತ್ತಲೇ ಇತ್ತು, ಅವರ ಬೆನ್ನು ಗೋಡೆಗೆ ತಾಗಿತ್ತು. ಸೆರಗು ಸಿಕ್ಕಿಸಿಕೊಂಡು ಬಸ್ಕಿ ಶುರುಮಾಡಿದರು. ಮೊದಲೆರಡು ಚೆನ್ನಾಗಿಯೇ ಬಂದವು. ಮೂರನೆಯದಕ್ಕೆ ಹಿಮ್ಮಡಿ ನೆಲ ಬಿಟ್ಟು ಎದ್ದಿತು, ಎರಡೂ ಕೈ ಮಂಡಿಯ ಮೇಲೆ ಬಂದವು, ಭಾರವೆಲ್ಲ ಮುಂದಕ್ಕೆ ವಾಲಿತು. ಆ್ಯಪ್ "ಸೂಪರ್, ಇನ್ನೂ ಏಳು ಸಲ!" ಅಂದಿತು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೋಡೆಗೆ ಕುರ್ಚಿ ಒತ್ತಿ ಇಟ್ಟು, ಅದರ ಮೇಲೆ ಕೂತು ಏಳುವುದನ್ನು ಮಾಡಿಸಿದೆ. ಅದೇ ಹೆಂಗಸು ನಿರಾಯಾಸವಾಗಿ ಮಾಡಿದರು. ಆ ಹುಡುಗರ ಆ್ಯಪ್‌ನ ಮೊದಲ ವಾರದ ಪಾಠದಲ್ಲಿ ಬಸ್ಕಿ ಹೋಗಿ ಕುರ್ಚಿ ಬಂತು. ಸ್ಲೈಡ್ ನೋಡುತ್ತಾ ಕೂತಿದ್ದರೆ ನಾನೂ "ಚೆನ್ನಾಗಿದೆ" ಅಂತಲೇ ಹೇಳಿ ಕಳಿಸುತ್ತಿದ್ದೆನೇನೋ.

ಆದ್ದರಿಂದ ತಜ್ಞರಿಗೆ ಆ್ಯಪ್ ತೋರಿಸಬೇಡಿ, ಆ್ಯಪ್ ಬಳಸುತ್ತಿರುವ ಮನುಷ್ಯರನ್ನು ತೋರಿಸಿ. ನೇರವಾಗಿ ಆಗದಿದ್ದರೆ ಒಪ್ಪಿಗೆ ಪಡೆದು ವಿಡಿಯೋ ಮಾಡಿ, ಮುಖ ಕಾಣದಿದ್ದರೂ ನಡೆಯುತ್ತದೆ. "ಹೇಗಿದೆ?" ಎಂದು ಕೇಳಲೇಬೇಡಿ. ಅದಕ್ಕೆ ಸಿಗುವುದು ಸೌಜನ್ಯದ ಉತ್ತರ. "ಇದರಿಂದ ಯಾರಿಗೆ ಅಪಾಯ?" ಎಂದು ಕೇಳಿ. ಆ ಪ್ರಶ್ನೆಗೆ ಕೂತಲ್ಲೇ ಕೂರುವ ಡಾಕ್ಟರನ್ನು ನಾನು ಕಂಡಿಲ್ಲ, ಪೆನ್ನು ಕೈಗೆ ತೆಗೆದುಕೊಳ್ಳುತ್ತಾರೆ.

ಯಾರನ್ನು ಯಾವ ವಿಷಯಕ್ಕೆ ಎನ್ನುವುದನ್ನು ಶುಗರ್ ಪ್ಲಾನ್‌ನಿಂದಲೇ ನೋಡೋಣ. ಇಂಥ ಆ್ಯಪ್‌ಗಳಲ್ಲಿ "ಬೆಳಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಮಾಡಿ" ಎಂಬ ಸಾಲು ಇದ್ದೇ ಇರುತ್ತದೆ. ನಿಮ್ಮದರಲ್ಲೂ ಇದ್ದರೆ ಇವತ್ತೇ ತೆಗೆಯಿರಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಗ್ಲಿಮೆಪಿರೈಡ್ ತರಹದ ಮಾತ್ರೆ ನುಂಗುವವರಿಗೆ ಖಾಲಿ ಹೊಟ್ಟೆಯ ವ್ಯಾಯಾಮದಿಂದ ಸಕ್ಕರೆ ಏಕಾಏಕಿ ಇಳಿಯಬಹುದು. ಕೈ ನಡುಗಿ, ಬೆವರು ಬಿಟ್ಟು, ಮಂಕು ಕವಿಯುತ್ತದೆ. ಇಂಥವರ ಶುಗರ್ ವ್ಯಾಯಾಮಕ್ಕೆ ಮೊದಲು 90ಕ್ಕಿಂತ ಕೆಳಗಿದ್ದರೆ ಏನಾದರೂ ತಿಂದೇ ಶುರುಮಾಡಬೇಕು. ಪಾದದಲ್ಲಿ ಸ್ಪರ್ಶ ಕಡಿಮೆಯಾದವರು ಬರಿಗಾಲಲ್ಲಿ ಎಗರಬಾರದು. ಕಣ್ಣಿನ ಪರದೆಗೆ ತೊಂದರೆಯಾದವರು ಉಸಿರು ಬಿಗಿಹಿಡಿದು ಭಾರ ಎತ್ತಬಾರದು. ಮಧುಮೇಹ ತಜ್ಞರ ಮುಂದೆ ನಿಮ್ಮ ಇಡೀ ಪ್ಲಾನ್ ಇಡದೆ, "ಈ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಪಾಠ ತೋರಿಸಬಹುದೇ?" ಎಂದು ಮಾತ್ರೆಯ ಹೆಸರು ಹಿಡಿದು ಕೇಳಿ.

ಹೃದಯದ ವಿಷಯಕ್ಕೂ ಇದೇ ರೀತಿ. 220ರಲ್ಲಿ ವಯಸ್ಸು ಕಳೆದು ಎದೆಬಡಿತದ ಗುರಿ ಕೊಡುವ ಲೆಕ್ಕ ನಿಮ್ಮ ಗೆಳೆಯನಿಗೆ ಗೊತ್ತಿರುತ್ತದೆ. ಅದು ಸರಾಸರಿಯ ಲೆಕ್ಕ, ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ತೀರ ಸಾಮಾನ್ಯ. ಬಿಪಿಗೆಂದು ಮೆಟೊಪ್ರೊಲಾಲ್, ಅಟೆನೊಲಾಲ್ ನುಂಗುವವರಿಗಂತೂ ಆ ಗುರಿಗೆ ಅರ್ಥವೇ ಇಲ್ಲ. ಮಾತ್ರೆಯೇ ಬಡಿತವನ್ನು ಏರಲು ಬಿಡುವುದಿಲ್ಲ, ಆ್ಯಪ್ ಮಾತ್ರ "ಇನ್ನೂ ಜೋರಾಗಿ" ಅನ್ನುತ್ತದೆ. ಅದರ ಬದಲು ಮಾತಿನ ಪರೀಕ್ಷೆ ಇಡಿ: ಮಾಡುತ್ತಾ ಮಾಡುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ವ್ಯಾಯಾಮ ಶುರುಮಾಡುವ ಮುನ್ನ ಕೇಳಬೇಕಾದ ಏಳು ಪ್ರಶ್ನೆಗಳ ಒಂದು ನಮೂನೆ ಇದೆ, ಪಾರ್-ಕ್ಯೂ ಪ್ಲಸ್ ಎಂದು ಅದರ ಹೆಸರು. ಎದೆ ನೋವು, ತಲೆಸುತ್ತು, ಬಿಪಿ, ಮಾತ್ರೆ, ಕೀಲುಗಳ ಬಗ್ಗೆ ಕೇಳುತ್ತದೆ. ಇಂಥದ್ದೊಂದನ್ನು ದಾಟದೆ ಯಾರಿಗೂ ಮೊದಲ ವಿಡಿಯೋ ತೆರೆಯಬಾರದು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರು 46ನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡಾಗ ಎದೆ ತಪಾಸಣೆಗೆ ಜನ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದ್ದು ನಿಮಗೆ ನೆನಪಿರಬಹುದು. ವ್ಯಾಯಾಮವೇ ಬೇಡ ಎಂದು ಬಿಟ್ಟವರೂ ಆಗ ನನ್ನ ಬಳಿ ಬಂದಿದ್ದಾರೆ. ಹೆದರಿದ ಜನಕ್ಕೆ ಮೊದಲು ಬೇಕಾದ್ದು ಈ ಪ್ರಶ್ನೆಗಳನ್ನು ಸಾವಧಾನವಾಗಿ ಕೇಳುವ ಒಬ್ಬರು.

ಇನ್ನೊಂದು ವಿಷಯ, ನೀವಿಬ್ಬರೂ ಗಂಡಸರು ಅನ್ನುವ ಕಾರಣಕ್ಕೆ ಬಿಡಿಸಿ ಹೇಳುತ್ತೇನೆ. ಹೆರಿಗೆಯಾದ, ಮುಟ್ಟು ನಿಲ್ಲುವ ವಯಸ್ಸಿನ ಎಷ್ಟೋ ಹೆಂಗಸರಿಗೆ ಕೆಮ್ಮಿದಾಗ, ಎಗರಿದಾಗ ಮೂತ್ರ ಸೋರುತ್ತದೆ. ಎಗರುವ ವ್ಯಾಯಾಮ ಬಂದ ದಿನ ಅವರು ಆ್ಯಪ್ ಮುಚ್ಚುತ್ತಾರೆ, ಕಾರಣ ನಿಮಗೆ ಹೇಳುವುದಿಲ್ಲ. "ಸಮಯ ಸಿಗಲಿಲ್ಲ" ಎಂದು ಬರೆಯುತ್ತಾರೆ. ಮಹಿಳಾ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಶುರುವಿನಿಂದಲೇ ಜೊತೆಗಿಟ್ಟುಕೊಳ್ಳಿ. ಇದಕ್ಕೆ ಮೂತ್ರ ತಡೆಹಿಡಿಯುವ, ಸೊಂಟದ ಒಳತಳದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮಗಳಿವೆ, ಚೆನ್ನಾಗಿ ಕೆಲಸ ಮಾಡುತ್ತವೆ. ಕನ್ನಡದಲ್ಲಿ ಅದನ್ನು ಸಂಕೋಚವಿಲ್ಲದೆ ಕಲಿಸುವ ಆ್ಯಪ್ ನೀವು ಮಾಡಿದರೆ ನನ್ನ ಪೇಷೆಂಟ್‌ಗಳಿಗೆಲ್ಲ ನಾನೇ ಹೇಳುತ್ತೇನೆ.

ಊಟದ ಪಟ್ಟಿಯನ್ನು ಡಯಟಿಷಿಯನ್ ಕೈಗೆ ಕೊಡಿ. ಹೊರದೇಶದ ಕ್ಯಾಲರಿ ಪಟ್ಟಿ ತಂದು ರೊಟ್ಟಿ, ಮುದ್ದೆ ಸೇರಿಸಿದರೆ ಲೆಕ್ಕ ಕೂಡುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ಆಹಾರಗಳ ಪೋಷಕಾಂಶದ ಪಟ್ಟಿ ಪ್ರಕಟಿಸಿದೆ, ಅದನ್ನು ಆಧಾರವಾಗಿಟ್ಟುಕೊಳ್ಳಿ. ಮುದ್ದೆಯನ್ನು ತೂಗಬೇಡಿ, ನೀರು ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಥರ. ಹಿಟ್ಟು ತೂಗಿ. 100 ಗ್ರಾಂ ರಾಗಿಗೆ ಸುಮಾರು 320 ಕ್ಯಾಲರಿ, 7 ಗ್ರಾಂ ಪ್ರೋಟೀನ್.

ನಿಮ್ಮ ದಿನಕ್ಕೆ 20 ನಿಮಿಷ ಎಂಬ ಲೆಕ್ಕ ನನಗೆ ಇಷ್ಟವಾಯಿತು. ವಾರಕ್ಕೆ 140 ಆಯಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಕನಿಷ್ಠ 150 ನಿಮಿಷ, ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಹತ್ತಿರದಲ್ಲೇ ಇದ್ದೀರಿ.

ಉತ್ತರ ಬಾರದ ಮೆಸೇಜುಗಳ ವಿಷಯ. "ನಮ್ಮ ಸ್ಟಾರ್ಟಪ್‌ಗೆ ನಿಮ್ಮ ಅಮೂಲ್ಯ ಮಾರ್ಗದರ್ಶನ ಬೇಕು" ಎಂದು ಬಂದರೆ ಎಷ್ಟು ಹೊತ್ತಿನ ಕೆಲಸವೋ, ಏನು ಕೇಳುತ್ತಾರೋ ಎಂದು ತಿಳಿಯದೆ ನಾವು ಪಕ್ಕಕ್ಕಿಡುತ್ತೇವೆ. ಹೀಗೆ ಬರೆದು ನೋಡಿ: "ನಮಸ್ಕಾರ ಮೇಡಂ. ನಾನು ದಾವಣಗೆರೆಯವನು. 40 ದಾಟಿದ ಮಹಿಳೆಯರಿಗೆ ಮನೆಯಲ್ಲಿ ಮಾಡುವ ವ್ಯಾಯಾಮದ ಕನ್ನಡ ಆ್ಯಪ್ ಮಾಡುತ್ತಿದ್ದೇನೆ. ಬಳಸಿ ನೋಡಿದ ಒಬ್ಬರಿಗೆ ಎರಡನೇ ವಾರ ಮಂಡಿ ನೋವು ಬಂತು. ಆ ವಾರದ ಆರು ವ್ಯಾಯಾಮಗಳ ವಿಡಿಯೋ ನನ್ನ ಬಳಿ ಇದೆ. ಇವುಗಳಲ್ಲಿ ಯಾವುದನ್ನು ತೆಗೆಯಬೇಕು, ಯಾವುದನ್ನು ಬದಲಿಸಬೇಕು ಎಂದು ನಿಮ್ಮಿಂದ ತಿಳಿಯಬೇಕಿದೆ. ನಿಮಗೆ ಅನುಕೂಲವಾದ ಹೊತ್ತಿನಲ್ಲಿ ಅರ್ಧ ಗಂಟೆ ಕೊಡಿ, ನಿಮ್ಮ ಕನ್ಸಲ್ಟೇಷನ್ ಫೀಸು ಕೊಡುತ್ತೇನೆ. ನಿಮ್ಮ ಹೆಸರನ್ನು ಎಲ್ಲಿಯೂ ಬಳಸುವುದಿಲ್ಲ." ಇದಕ್ಕೆ ನಾನಾದರೆ ಅದೇ ದಿನ ಉತ್ತರ ಬರೆಯುತ್ತೇನೆ. ಫೀಸು ಕೊಡುವುದು ಮುಖ್ಯ. ದುಡ್ಡು ಕೊಟ್ಟು ಕೇಳಿದವರಿಗೆ ಬೇಡ ಅನಿಸಿದ್ದನ್ನು ಮುಖಕ್ಕೆ ಹೇಳುವುದು ಸುಲಭ.

ಇಬ್ಬರು ತಜ್ಞರು ಎರಡು ಹೇಳುತ್ತಾರೆ, ಅದಕ್ಕೂ ಸಿದ್ಧವಾಗಿರಿ. ಮಂಡಿ ನೋವಿಗೆ ಒಬ್ಬರು ವಿಶ್ರಾಂತಿ ಅನ್ನಬಹುದು, ನಾನು ತೊಡೆಯ ಸ್ನಾಯು ಗಟ್ಟಿ ಮಾಡಿ ಅನ್ನುತ್ತೇನೆ. ಮಂಡಿ ಸವೆತಕ್ಕೆ ಸ್ನಾಯುಬಲದ ವ್ಯಾಯಾಮ ಸಹಾಯ ಮಾಡುತ್ತದೆ ಎನ್ನುವುದು ಚೆನ್ನಾಗಿ ಸಾಬೀತಾದ ಮಾತು. ಆದರೆ ನಿನ್ನೆ ಮೊನ್ನೆ ಊದಿಕೊಂಡ ಮಂಡಿಗೆ ವಿಶ್ರಾಂತಿ ಹೇಳಿದವರೂ ತಪ್ಪಲ್ಲ. "ಯಾವ ಪೇಷೆಂಟನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದಿರಿ?" ಎಂದು ಇಬ್ಬರನ್ನೂ ಕೇಳಿ. ಬಹಳ ಸಲ ಇಬ್ಬರೂ ಬೇರೆ ಬೇರೆ ಮಂಡಿಯ ಬಗ್ಗೆ ಮಾತಾಡಿರುತ್ತಾರೆ.

ಶೇ 5 ಪಾಲು ಕೇಳಿದವರಿಗೆ ಕೈಮುಗಿದು ಬನ್ನಿ. ಉದ್ಯಮದ ಯಾವ ಉತ್ಪನ್ನವನ್ನೂ ವೈದ್ಯರು ಸಾರ್ವಜನಿಕವಾಗಿ ಅನುಮೋದಿಸಬಾರದು ಎಂದು 2002ರ ವೈದ್ಯಕೀಯ ನೀತಿ ಸಂಹಿತೆಯಲ್ಲೇ ಇದೆ. ಫೋಟೋ ಹಾಕಿದರೆ ಅವರಿಗೂ ತೊಂದರೆ, ನಿಮಗೂ. ವರ್ಷಗಟ್ಟಲೆ ಜೊತೆಗಿದ್ದು ಪ್ರತಿ ಪಾಠವನ್ನೂ ನೋಡಿಕೊಡುವವರು ಸಿಕ್ಕಿ ಅವರಿಗೆ ಪಾಲು ಕೊಡಬೇಕೆನಿಸಿದರೆ ಅದು ಬೇರೆ ಮಾತು. ಹೊಸ ಕಂಪನಿಗಳಲ್ಲಿ ಸಲಹೆಗಾರರಿಗೆ ಸಾಮಾನ್ಯವಾಗಿ ಶೇ 1ರೊಳಗೇ ಕೊಡುತ್ತಾರೆ, ಅದೂ ಕೆಲಸ ನಡೆದಂತೆ ಹಂತಹಂತವಾಗಿ.

ಕರಾರಿನ ವಿಷಯ ಚಿಕ್ಕದು. ಅರ್ಧ ಗಂಟೆಯ ಮಾತಿಗೆ ಸಹಿ ಕೇಳಿದರೆ ಒಳ್ಳೆಯ ತಜ್ಞರು ಒಲ್ಲೆ ಅನ್ನುತ್ತಾರೆ. ನಿಮ್ಮ ಕೋಡ್ ತೋರಿಸಬೇಡಿ, ವ್ಯಾಯಾಮ ತೋರಿಸಿ. ಕಾಪಾಡಬೇಕಾದ ಗುಟ್ಟು ಬೇರೆ ಇದೆ, ಅದು ಬಳಸುತ್ತಿರುವ ಹೆಂಗಸರ ವಿವರ. ಅವರ ಶುಗರ್, ತೂಕ, ಮಾತ್ರೆ ಬರೆದ ಹಾಳೆಯನ್ನು ಹೆಸರು, ಫೋನ್ ನಂಬರ್ ಸಮೇತ ಯಾರಿಗೂ ಕಳಿಸಬೇಡಿ, ವಾಟ್ಸ್‌ಆ್ಯಪ್ ಗುಂಪಿನಲ್ಲೂ ಹಾಕಬೇಡಿ. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದೇ 2023ರಲ್ಲಿ ಕಾಯ್ದೆ ಬಂದಿದೆ. ಹಾಗೆಯೇ ಆ್ಯಪ್‌ನ ಪ್ರಚಾರದಲ್ಲಿ "ಶುಗರ್ ವಾಸಿ" ಎಂದು ಎಲ್ಲಿಯೂ ಬರೆಯಬೇಡಿ.

ನಿಮ್ಮ ಗೆಳೆಯನನ್ನು ಬಿಟ್ಟುಕೊಡಬೇಡಿ. ಹತ್ತನೇ ದಿನ ಬೇಸರವಾದವರನ್ನು ಹನ್ನೊಂದನೇ ದಿನ ಕರೆತರುವ ಕಲೆ ಟ್ರೈನರ್‌ಗಳಿಗೆ ಇರುವಷ್ಟು ನಮಗೆ ಇಲ್ಲ. ಫಿಸಿಯೋಥೆರಪಿಸ್ಟ್ ಹತ್ತಿರ ಹೋಗುವಾಗ ಅವನನ್ನೂ ಕರೆದುಕೊಂಡು ಹೋಗಿ. ಚಿಕ್ಕಮ್ಮ ಬರುವುದಾದರೆ ಅವರನ್ನೂ.

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಯೋಗ ಶಿಕ್ಷಕಿ. ಹೊಸ ಕಂಪನಿಯೊಂದು ತಮ್ಮ ಯೋಗದ ವಿಡಿಯೋಗಳನ್ನು ನೋಡಿ ಅಭಿಪ್ರಾಯ ಕೊಡಿ ಎಂದು ಕೇಳಿದೆ. ದುಡ್ಡಿನ ಮಾತಿಲ್ಲ, "ತಜ್ಞರ ಸಮಿತಿ" ಎಂದು ಹೆಸರು ಹಾಕುತ್ತಾರಂತೆ. ಒಪ್ಪಿಕೊಳ್ಳಲೇ?
(ಒಬ್ಬ ಓದುಗಳು, ಶಿವಮೊಗ್ಗ)

ಉತ್ತರ: ನಿಮ್ಮ ಹೊತ್ತಿಗೆ ಬೆಲೆ ಇದೆ, ಗಂಟೆಗೆ ಇಷ್ಟು ಎಂದು ಮೊದಲೇ ಹೇಳಿ. ಕೊಡಲಾಗದ ಚಿಕ್ಕ ಕಂಪನಿ, ಕೆಲಸ ಒಳ್ಳೆಯದು ಅನಿಸಿದರೆ ಉಚಿತವಾಗಿ ಮಾಡುವುದು ನಿಮ್ಮಿಷ್ಟ. ಹೆಸರಿನ ವಿಷಯದಲ್ಲಿ ಮಾತ್ರ ಬಿಗಿಯಾಗಿರಿ. ಯಾವ ವಿಡಿಯೋ, ಯಾವ ದಿನ ನೋಡಿದಿರಿ, ಏನು ಬದಲಿಸಲು ಹೇಳಿದಿರಿ ಎನ್ನುವುದನ್ನು ಇಮೇಲ್‌ನಲ್ಲಿ ಬರೆದು ಕಳಿಸಿ. ಬಿಪಿ ಇರುವವರಿಗೆ, ಕಣ್ಣಿನ ಒತ್ತಡದ ಕಾಯಿಲೆ ಗ್ಲಾಕೋಮಾ ಇರುವವರಿಗೆ ಶೀರ್ಷಾಸನ ಬೇಡ, ಗರ್ಭಿಣಿಯರಿಗೆ ಕಪಾಲಭಾತಿ ಬೇಡ ಎಂದು ನೀವು ಹೇಳಿರುತ್ತೀರಿ. ಆ ಎಚ್ಚರಿಕೆ ವಿಡಿಯೋದಲ್ಲಿ ಬಂದಿದೆಯೇ ಎಂದು ನೋಡಿದ ಮೇಲೆ ಹೆಸರು ಹಾಕಲು ಬಿಡಿ. ಮುಂದೆ ವಿಡಿಯೋ ಬದಲಾದರೆ ಹೆಸರು ತೆಗೆಸುವ ಹಕ್ಕು ನಿಮಗಿರಲಿ, ಅದನ್ನೂ ಬರೆಸಿಕೊಳ್ಳಿ. ಇಷ್ಟಕ್ಕೆ ಮುಖ ಸಿಂಡರಿಸುವ ಕಂಪನಿಗೆ ಬೇಕಿದ್ದುದು ನಿಮ್ಮ ಹೆಸರು ಮಾತ್ರ.

ಪ್ರಶ್ನೆ: ನನಗೆ 66 ವರ್ಷ. ಮಗ ಫೋನಿಗೆ ಹಾಕಿಕೊಟ್ಟ ಆ್ಯಪ್ "ತಜ್ಞರು ಹೇಳಿದಂತೆ ದಿನಕ್ಕೆ 10,000 ಹೆಜ್ಜೆ" ಅನ್ನುತ್ತದೆ. 6,000 ದಾಟಲು ಆಗುವುದಿಲ್ಲ, ಬೇಸರವಾಗುತ್ತದೆ.
(ಒಬ್ಬ ಓದುಗಳು, ಹಾಸನ)

ಉತ್ತರ: ಬೇಸರ ಬೇಡ ಅಮ್ಮಾ. ಆ ಸಂಖ್ಯೆ ಬಂದದ್ದು 1960ರ ದಶಕದಲ್ಲಿ ಜಪಾನಿನ ಕಂಪನಿಯೊಂದು ಮಾರಾಟಕ್ಕಿಟ್ಟ ಹೆಜ್ಜೆ ಎಣಿಸುವ ಯಂತ್ರದಿಂದ. ಯಾವ ವೈದ್ಯರೂ ಅಳೆದು ಕೊಟ್ಟದ್ದಲ್ಲ. ಅಮೆರಿಕದಲ್ಲಿ ನಿಮ್ಮ ವಯಸ್ಸಿನ, ನಿಮಗಿಂತ ಹಿರಿಯರಾದ 16,000ಕ್ಕೂ ಹೆಚ್ಚು ಮಹಿಳೆಯರ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ದಿನಕ್ಕೆ ಸುಮಾರು 4,400 ಹೆಜ್ಜೆ ನಡೆಯುವವರಲ್ಲೇ, 2,700 ನಡೆಯುವವರಿಗಿಂತ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ನಿಮ್ಮ 6,000 ಚೆನ್ನಾಗಿದೆ. ಆ್ಯಪ್‌ನಲ್ಲಿ ಗುರಿ ಬದಲಿಸುವ ಜಾಗ ಇರುತ್ತದೆ, ಮಗನಿಗೆ ಹೇಳಿ 6,000ಕ್ಕೆ ಇಡಿಸಿಕೊಳ್ಳಿ. ಅದಕ್ಕೆ ಇನ್ನೊಂದು ಸೇರಿಸಿ: ವಾರಕ್ಕೆ ಮೂರು ದಿನ ಅಡುಗೆಮನೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ಹತ್ತು ಎಣಿಸುವಷ್ಟು ಹೊತ್ತು ನಿಲ್ಲುವುದು, ಕಾಲು ಬದಲಿಸಿ ಮತ್ತೆ. 65 ದಾಟಿದವರು ಬೀಳದಂತೆ ಇರಲು ಇಂಥ ಅಭ್ಯಾಸ ಬೇಕು. ತಲೆಸುತ್ತು ಇದ್ದರೆ ಮಾತ್ರ ಡಾಕ್ಟರನ್ನು ಕೇಳದೆ ಶುರುಮಾಡಬೇಡಿ.